ಭಾವ ಗುರೂಜಿಯಾದ ಸಿನಿಮಾ

ಅಕ್ಕನ ಮದುವೆಯಾದದ್ದು ತೊಂಬತ್ತೇಳರಲ್ಲಿ. ಭಾವ ಬ್ರಹ್ಮಾವರದವರು, ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದರು. ಮದುವೆ, ಭಜನೆ, ಶಾಲೆಯ ವಾರ್ಷಿಕೋತ್ಸವ, ಕ್ರಿಕೆಟ್ ಪಂದ್ಯ, ಪಂಚಾಯಿತಿ ಚುನಾವಣೆ, ಏನೇ ಇದ್ದರೂ ಆ ಕಡೆಯ ಜನ ಅವರನ್ನೇ ಕರೆಯುತ್ತಿದ್ದರು. ಮೈಕಿಗಿಂತ ಅವರ ಸ್ವರಕ್ಕೇ ಹೆಚ್ಚು ಗಿರಾಕಿ. "ಚಪ್ಪಲಿ ಕಳೆದುಕೊಂಡವರು ಇನ್ನೊಬ್ಬರ ಚಪ್ಪಲಿ ಹಾಕಿಕೊಳ್ಳುವ ಮೊದಲು ಸ್ಟೇಜಿನ ಹತ್ತಿರ ಬರಬೇಕು" ಎಂದು ಅವರು ಗಂಭೀರವಾಗಿ ಹೇಳಿದರೆ ಸಭೆಯೇ ನಗುತ್ತಿತ್ತು. ತಮ್ಮ ಮದುವೆಗೂ ಅವರದೇ ಮೈಕು. ಪೇಟ ಕಟ್ಟಿಕೊಂಡು, ಬಾಸಿಂಗ ಸರಿಮಾಡಿಕೊಳ್ಳುತ್ತ, ಎಲ್ಲರ ಕಣ್ಣು ತಪ್ಪಿಸಿ ಹೋಗಿ, "ಹಲೋ, ಮೈಕ್ ಟೆಸ್ಟಿಂಗ್, ಮದಿಮಗ ಮಾತಾಡ್ತಾ ಇದ್ದೆ, ಊಟಕ್ಕೆ ಯಾರೂ ಅರ್ಜೆಂಟ್ ಮಾಡ್ಬೇಡಿ" ಎಂದುಬಿಟ್ಟಿದ್ದರು. ಪುರೋಹಿತರೇ ಮಂತ್ರ ನಿಲ್ಲಿಸಿ ನಕ್ಕರು. ಅಕ್ಕ ಮಾತ್ರ ತಲೆ ಎತ್ತಲಿಲ್ಲ. ಆದರೆ ಪಕ್ಕದಲ್ಲೇ ಕೂತಿದ್ದ ನನಗೆ ಅವಳ ಭುಜ ಅಲುಗುವುದು ಕಾಣುತ್ತಿತ್ತು.

ಅಕ್ಕ ಸುಲಭಕ್ಕೆ ನಗುವವಳಲ್ಲ. ಚಿಕ್ಕಂದಿನಿಂದಲೂ ಹಾಗೆಯೇ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು, ಒಪ್ಪಿಕೊಂಡ ಮೇಲೆ ಬಿಡುವವಳಲ್ಲ. ಅಂಥವಳನ್ನು ನಗಿಸುವುದೇ ಭಾವನ ಬದುಕಿನ ದೊಡ್ಡ ಕೆಲಸವಾಯಿತು. ಅವರು ಊರ ನಾಟಕಗಳಲ್ಲಿ ಹಾಸ್ಯದ ಪಾತ್ರ ಮಾಡುತ್ತಿದ್ದರು. ರಂಗದ ಮೇಲೆ ಬಂದಾಗಲೆಲ್ಲ ಅವರ ಕಣ್ಣು ಮೊದಲು ಹುಡುಕುವುದು ಹೆಂಗಸರ ಸಾಲಿನಲ್ಲಿ ಕೂತ ಅವಳನ್ನು. ಇಡೀ ಊರು ನಕ್ಕರೂ ಅವಳು ನಗದಿದ್ದರೆ ಮನೆಗೆ ಬಂದು, "ಇವತ್ತ್ ನಾಟ್ಕ ಫೇಲ್" ಎನ್ನುತ್ತಿದ್ದರು.

ಅವರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ನಮ್ಮೆದುರು ಮಾತಾಡಿದವರಲ್ಲ. ಅಮ್ಮ ಮತ್ತು ನಾನು ಕುಂದಾಪುರದ ಪಕ್ಕದ ಕೋಡಿಯಲ್ಲಿದ್ದೆವು. ಕುಂದಾಪುರ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ರವಿಕೆ, ಶಾಲೆಯ ಯೂನಿಫಾರ್ಮು, ವರ್ಷಕ್ಕೊಮ್ಮೆ ನಾಟಕದವರ ವೇಷ. ಅಕ್ಕ ಆಗಾಗ ಬಸ್ಸು ಹತ್ತಿ ಬಂದು ನನ್ನ ಅಂಗಡಿಯಲ್ಲಿ ಕೂತು ರವಿಕೆಗಳಿಗೆ ಹುಕ್ಕು ಹಾಕಿಕೊಡುತ್ತಿದ್ದಳು.

ಮೂವತ್ತೈದು ದಾಟುವಾಗ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಅಪ್ಪನಿಗೂ ಇದ್ದದ್ದೇ. ಡಾಕ್ಟರು ಮಾತ್ರೆ ಕೊಟ್ಟರು, ಅವಳು ತಪ್ಪದೆ ತಿಂದಳು. ಊಟಕ್ಕೆ ಕರೆದ ಮನೆಯಲ್ಲೂ ಎಲೆಯ ಮುಂದೆ ಕೂತು ಸೆರಗಿನ ಗಂಟು ಬಿಚ್ಚಿ ಮಾತ್ರೆ ತೆಗೆಯುವುದಕ್ಕೆ ನಾಚುತ್ತಿರಲಿಲ್ಲ. ಹಾಗೆಯೇ ನಡೆದಿದ್ದರೆ ಇವತ್ತೂ ಇರುತ್ತಿದ್ದಳು.

ಆ ವರ್ಷಗಳಲ್ಲಿ ಬೆಳಗಾದರೆ ಎಲ್ಲರ ಮನೆಯ ಟಿವಿಯಲ್ಲೂ ಯಾರಾದರೊಬ್ಬ ಗುರು ಇರುತ್ತಿದ್ದರು. ಅಕ್ಕ ನೋಡುತ್ತಿದ್ದವರು ದೇವರ ವಿಷಯ ಹೆಚ್ಚು ಹೇಳುತ್ತಿರಲಿಲ್ಲ. ಬದುಕುವುದು ಹೇಗೆ ಎಂದು ಹೇಳುತ್ತಿದ್ದರು. ಯಾವ ಮಗ್ಗುಲಿನಿಂದ ಏಳಬೇಕು, ನೀರು ಹೇಗೆ ಕುಡಿಯಬೇಕು, ಅನ್ನ ಎಷ್ಟು ಹೊತ್ತು ಅಗಿಯಬೇಕು, ಕೋಪ ಬಂದರೆ ಉಸಿರನ್ನು ಎಲ್ಲಿಡಬೇಕು. ನುಣುಪಾದ ಸ್ವರ. ಕೆನೆಬಣ್ಣದ ಉದ್ದ ಜುಬ್ಬ, ಹೆಗಲ ಮೇಲೆ ಜರಿಯಂಚಿನ ಶಾಲು. ರೋಗವೆಂದರೆ ನಾವೇ ಕರೆದು ಕೂರಿಸಿಕೊಂಡ ನೆಂಟ, ಬಾಗಿಲು ತೋರಿಸಿದರೆ ಹೋಗುತ್ತಾನೆ ಎನ್ನುತ್ತಿದ್ದರು. ನನ್ನ ಅಂಗಡಿಗೆ ಬರುವ ಹೆಂಗಸರೂ ಅದನ್ನೇ ಹೇಳುತ್ತಿದ್ದರು. ನಾನೂ ಕೆಲವು ದಿನ ಬಿಸಿನೀರು ಕುಡಿದೆ.

ಭಾವನಿಗೆ ಟಿವಿಯ ಮುಂದೆ ಕೂರುವ ತಾಳ್ಮೆ ಇರಲಿಲ್ಲ. ಬೆಳಿಗ್ಗೆ ಅವರು ಹಿಂದಿನ ಜಗಲಿಯಲ್ಲಿ ವಯರುಗಳನ್ನು ಸುತ್ತುತ್ತಲೋ ಸ್ಪೀಕರ್ ಬಿಚ್ಚಿಕೊಂಡೋ ಇರುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ಅಲ್ಲಿಗೆ ಹೋಗಿ ಅವತ್ತಿನ ಪಾಠ ಒಪ್ಪಿಸುವುದು.

"ಹ್ವಾಯ್, ಕೇಣಿ. ಕೈ ಹೀಂಗೆ ಮಾಡ್ಕಂಬ್ರ್."

ಎರಡು ಅಂಗೈಗಳನ್ನೂ ಎದೆಯ ಹತ್ತಿರ ತಂದು, ಮೊಗ್ಗು ಬಿರಿದ ಹಾಗೆ ಸ್ವಲ್ಪವೇ ತೆರೆದು, ಕುತ್ತಿಗೆ ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ ತೋರಿಸುತ್ತಿದ್ದಳು. ಭಾವ ಸ್ಕ್ರೂಡ್ರೈವರ್ ಹಿಡಿದ ಕೈಯಲ್ಲೇ ಹಾಗೆ ಮಾಡಿ, "ಹೀಂಗಾ? ಕರೆಂಟ್ ಹೊಡ್ದಾಂಗ್ ಆತ್ತಲ್ಲೆ" ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಸಿಟ್ಟಿನ ನಡುವೆಯೇ ನಗು ಬಂದುಬಿಡುತ್ತಿತ್ತು.

ಆಮೇಲೆ ಆ ಚಾನೆಲ್ಲಿನವರು ಹೊಸ ಕಾರ್ಯಕ್ರಮವೊಂದನ್ನು ಮಾಡುತ್ತೇವೆಂದು ಹೇಳತೊಡಗಿದರು. ಗುರೂಜಿಯ ದಾರಿಯಲ್ಲಿ ಬದುಕು ಬದಲಿಸಿಕೊಳ್ಳಲು ತಯಾರಿರುವವರು ಬರಬೇಕು, ಎಲ್ಲರೂ ಒಂದೇ ಮನೆಯಲ್ಲಿರಬೇಕು, ಹಗಲೆಲ್ಲ ಕ್ಯಾಮೆರಾ ನೋಡುತ್ತಿರುತ್ತದೆ, ವಾರಕ್ಕೊಬ್ಬರು ಹೊರಗೆ, ಕೊನೆಗೆ ಉಳಿದವರಿಗೆ ಬಹುಮಾನ. ಉಡುಪಿಯ ಒಂದು ಹಾಲಿನಲ್ಲಿ ಆಯ್ಕೆ. ಅಕ್ಕ ಹೋಗುತ್ತೇನೆ ಎಂದಾಗ ನಮಗೆಲ್ಲ ಆಶ್ಚರ್ಯ. ಭಾವ ಸ್ಪೀಕರ್ ಸಾಗಿಸುವ ಓಮ್ನಿಯಲ್ಲೇ ಅವಳನ್ನು ಕರೆದುಕೊಂಡು ಹೋದರು. ಅಷ್ಟೊಂದು ಜನರ ನಡುವೆ ಈ ನಗದ ಹೆಂಗಸನ್ನು ಚಾನೆಲ್ಲಿನವರು ಆರಿಸಿದರು. ಮನೆಗೆ ಬಂದ ಭಾವ, "ನಾನ್ ಇಷ್ಟ್ ವರ್ಷ ಬಣ್ಣ ಹಚ್ಚಿದ್ದ್ ವೇಸ್ಟ್. ಮನಿಯೊಳ್ಗಿನ್ ಆರ್ಟಿಸ್ಟ್ ಇವ್ಳೇ" ಎಂದರು.

ಮೊದಲ ದಿನದ ಪ್ರಸಾರಕ್ಕೆ ಕೋಡಿಯ ನಮ್ಮ ಮನೆ ತುಂಬ ನೆರೆಕರೆಯವರು. ಟಿವಿಯಲ್ಲಿ ಅಕ್ಕ, ನಾನೇ ಹೊಲಿದು ಕೊಟ್ಟ ನೀಲಿ ರವಿಕೆಯಲ್ಲಿ. ಅಂಗಳದಲ್ಲೊಂದು ದೊಡ್ಡ ಮಡಕೆ, ಅದರಲ್ಲಿ ಕೆಂಡ. ಒಬ್ಬೊಬ್ಬರೂ ತಾವು ಬಿಡುವುದನ್ನು ಅದಕ್ಕೆ ಹಾಕಬೇಕು. ಒಬ್ಬ ಗಂಡಸು ಸಿಗರೇಟಿನ ಪ್ಯಾಕು ಹಾಕಿದ. ಒಬ್ಬಳು ಹುಡುಗಿ ಯಾರದೋ ಫೋಟೋ ಹಾಕಿ ಅತ್ತಳು. ಅಕ್ಕ ಸೆರಗಿನ ಗಂಟು ಬಿಚ್ಚಿದಳು. ಮಾತ್ರೆಯ ಹಾಳೆಗಳು. ಮಡಕೆಗೆ ಹಾಕಿ, ಎರಡು ಕೈಗಳನ್ನೂ ಎದೆಯ ಹತ್ತಿರ ತಂದಳು. ಗುರೂಜಿ ಅವಳ ತಲೆ ಮುಟ್ಟಿ, "ತಾಯಿ, ಇವತ್ತು ನಿಮ್ಮ ಮರುಹುಟ್ಟು" ಎಂದರು. ಹಿಂದಿನಿಂದ ಸಂಗೀತ ಬಂತು. ನಮ್ಮ ಮನೆಯಲ್ಲಿ ಕೂತವರೂ ಚಪ್ಪಾಳೆ ತಟ್ಟಿದರು.

ಅಮ್ಮ ಮಾತ್ರ ಕೇಳಿದಳು. "ಮಾತ್ರಿ ಎಂತಕ್ಕೆ ಹಾಕಿದ್ಳ್ ಅವ್ಳ್?"

"ಟಿವಿ ಅಲ್ದಾ, ನಿಜದ್ದ್ ಹಾಕುದಿಲ್ಲೆ" ಎಂದಳು ಪಕ್ಕದ ಮನೆಯ ಹೆಂಗಸು. ಅಮ್ಮ ಅದನ್ನು ನಂಬಿದಳು. ನಾನೂ ನಂಬಿದೆ.

ಅಕ್ಕ ಹೆಚ್ಚು ವಾರ ಉಳಿಯಲಿಲ್ಲ. ಅವಳು ಅಳುವುದಿಲ್ಲ ಎಂಬುದು ಅಲ್ಲಿಯವರ ದೂರಾಗಿತ್ತಂತೆ. ಕ್ಯಾಮೆರಾದ ಹುಡುಗಿಯೊಬ್ಬಳು ಬಂದು, "ಮೇಡಂ, ಮಕ್ಕಳಿಲ್ಲದ್ದರ ಬಗ್ಗೆ ಸ್ವಲ್ಪ ಹೇಳಿ, ಕಣ್ಣಲ್ಲಿ ನೀರು ಬಂದರೆ ವೋಟ್ ಬರುತ್ತೆ" ಎಂದಳಂತೆ. "ನಂಗೆ ಅಷ್ಟ್ ಜನ್ರೆದ್ರ್ ಅಳು ಬತ್ತಿಲ್ಲೆ ತಂಗಿ" ಎಂದು ಅಕ್ಕ ಆಮೇಲೆ ನನಗೆ ಹೇಳಿದ್ದಳು. ಹೊರಗೆ ಕಳಿಸುವ ದಿನವೂ ಅವಳು ಅಳಲಿಲ್ಲ.

ಊರಿಗೆ ಬರುವಾಗ ಮಾತ್ರ ಅವಳು ಬೇರೆಯೇ ಆಗಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯರು ಸುತ್ತುವರಿದರು. ಮಹಿಳಾ ಮಂಡಲದವರು, ಶಾಲೆಯವರು ಮಾತಾಡಲು ಕರೆದರು. ಅವಳು ಹೋದಲ್ಲೆಲ್ಲ ಭಾವನದೇ ಮೈಕು. ಅವರೇ ಊದಿ ನೋಡಿ, ಅವಳ ಎತ್ತರಕ್ಕೆ ಸ್ಟ್ಯಾಂಡು ತಗ್ಗಿಸಿ, "ಈಗ ನಮ್ಮ ಮನೆಯ ಸರ್ಕಾರ ಮಾತಾಡುತ್ತದೆ" ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಬದುಕಿಡೀ ಹಿಂದಿನ ಸಾಲಿನಲ್ಲಿ ಕೂತಿದ್ದವಳ ಮಾತನ್ನು ಜನ ಕೇಳುತ್ತಿದ್ದರು. ಆ ಹೆಮ್ಮೆ ಭಾವನ ಮುಖದ ಮೇಲೆ ಕಾಣುತ್ತಿತ್ತು.

ಅವಳು ಮಾತ್ರೆಯನ್ನು ನಿಜಕ್ಕೂ ಬಿಟ್ಟಿದ್ದಾಳೆಂದು ನಮಗೆ ತಿಳಿದದ್ದು ನಿಧಾನವಾಗಿ. ಅವಳು ತೆಳ್ಳಗಾಗುತ್ತಿದ್ದಳು. ಪದೇ ಪದೇ ನೀರು ಕುಡಿಯುತ್ತಿದ್ದಳು. ಜನ ಅದನ್ನು ನೋಡಿ, ಗುರೂಜಿಯ ದಾರಿಯಿಂದ ಬೊಜ್ಜು ಕರಗಿದೆ ಎಂದರು. ಒಂದು ದಿನ ನನ್ನ ಅಂಗಡಿಯಲ್ಲೇ ಭಾವ ಅವಳಿಗೆ ಹೇಳಿದರು.

"ಕಾಣ್, ಯಾರಿಗೂ ಗೊತ್ತಾಪ್ದಿಲ್ಲೆ. ನಾನ್ ತಂದ್ ಕೊಡ್ತೆ. ತಿನ್."

"ಇಡೀ ಊರ್ ಕಂಡಿತ್ತ್, ನಾನ್ ಅದನ್ನ್ ಬೆಂಕಿಗ್ ಹಾಕ್ದದ್ದ್. ಇನ್ನ್ ಕದ್ದ್ ತಿಂಬುದಾ?" ಎಂದಳು ಅಕ್ಕ. "ಆ ಶಾಲಿ ಮಕ್ಳ್ ಮುಂದೆ ನಿಂತ್ಕಂಡ್ ಎಂತ ಹೇಳುದ್ ನಾನ್?"

ಹೇಳಿದೆನಲ್ಲ, ಒಪ್ಪಿಕೊಂಡ ಮೇಲೆ ಬಿಡುವವಳಲ್ಲ. ಭಾವ ಬೇಡಿಕೊಂಡರು, ನಾನು ಜಗಳವಾಡಿದೆ, ಅಮ್ಮ ಊಟ ಬಿಟ್ಟಳು. ಅವಳು ಎಲ್ಲರಿಗೂ ಸಮಾಧಾನವಾಗಿಯೇ ಉತ್ತರ ಕೊಟ್ಟಳು.

ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಡೆಯಬೇಕೆಂಬುದೂ ಆ ಪಾಠಗಳಲ್ಲಿ ಒಂದು. ಅಮ್ಮನ ಮನೆಗೆ ಬಂದಾಗಲೆಲ್ಲ ಬೆಳಿಗ್ಗೆ ಸಮುದ್ರದ ದಂಡೆಗೆ ಹೋಗುತ್ತಿದ್ದಳು. ಅಲ್ಲಿ ಬಲೆ ಕೊಡವಿದ ಜಾಗದಲ್ಲಿ ಚಿಪ್ಪೊಂದು ಪಾದಕ್ಕೆ ಹೊಕ್ಕಿತು. ಅರಸಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಬ್ರಹ್ಮಾವರಕ್ಕೆ ಹೋದಳು. ನೋವಿರಲಿಲ್ಲವಂತೆ. ಆ ಕಾಯಿಲೆಯಲ್ಲಿ ಕಾಲು ನೋವನ್ನೂ ಮರೆಯುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಭಾವನಿಗೆ ಗೊತ್ತಾದದ್ದು ವಾಸನೆಯಿಂದ. ಅವಳನ್ನು ಎತ್ತಿ ಓಮ್ನಿಯಲ್ಲಿ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ಮೊದಲು ಬೆರಳು ತೆಗೆದರು, ಆಮೇಲೆ ಪಾದ. ನಂಜು ಅಷ್ಟರಲ್ಲಿ ರಕ್ತಕ್ಕೆ ಇಳಿದಿತ್ತು.

ವಾರ್ಡಿನಲ್ಲಿ ಒಬ್ಬಳು ನರ್ಸು ಅವಳ ಗುರುತು ಹಿಡಿದು, "ನೀವು ಟಿವಿಯಲ್ಲಿ ಬಂದವರಲ್ವಾ ಅಮ್ಮ?" ಎಂದಳು. ಅಕ್ಕ ಹೌದೆಂದು ತಲೆಯಾಡಿಸಿದಳು. ನರ್ಸು ಅವಳ ಹಾಸಿಗೆ ಸರಿಮಾಡಿದಳು. ಅದಾದ ವಾರದೊಳಗೆ ಅಕ್ಕ ತೀರಿಕೊಂಡಳು. ಪ್ರಜ್ಞೆ ಇದ್ದ ಕೊನೆಯ ಮಧ್ಯಾಹ್ನ ಅವಳು ಭಾವನಿಗೆ ಹೇಳಿದ್ದು ಇಷ್ಟೇ. "ನಿಮ್ಗ್ ಊಟ ಆಯ್ತಾ?"

*

ಎರಡು ಮೂರು ವರ್ಷ ಭಾವ ನಾಟಕದ ಕಡೆ ತಲೆ ಹಾಕಲಿಲ್ಲ. ಮೈಕಿನ ಕೆಲಸ ಮಾತ್ರ ಮಾಡುತ್ತಿದ್ದರು, ಅದೂ ಬೇಕಾದಷ್ಟೇ ಮಾತಾಡಿ. ಆಗ ಬೈಂದೂರು ಕಡೆಯ ಹುಡುಗನೊಬ್ಬ ಅವರನ್ನು ಹುಡುಕಿಕೊಂಡು ಬಂದ. ಬೆಂಗಳೂರಿನಲ್ಲಿ ಸಿನಿಮಾದವರ ಕೈಕೆಳಗೆ ಕೆಲಸ ಮಾಡಿ ಬಂದವನು. ಗೆಳೆಯರನ್ನೆಲ್ಲ ಸೇರಿಸಿಕೊಂಡು ನಮ್ಮ ಕುಂದಾಪ್ರ ಮಾತಿನಲ್ಲೇ ಒಂದು ಸಣ್ಣ ಸಿನಿಮಾ ಮಾಡಬೇಕೆಂದಿದ್ದ. ಕಥೆ ತಮಾಷೆಯದು. ಯಾವ ಕೆಲಸದಲ್ಲೂ ನಿಲ್ಲದ ಒಬ್ಬ ಸೋಮಾರಿ, ಬದುಕುವ ಕಲೆ ಹೇಳಿಕೊಡುವ ಟಿವಿ ಗುರುವಾಗುತ್ತಾನೆ. ಅವನ ಕಾರ್ಯಕ್ರಮದಲ್ಲಿ ಯಾರು ಹೆಚ್ಚು ಬಿಡುತ್ತಾರೆ ಎಂಬುದೇ ಪಂದ್ಯ. ಜನ ಚಹಾ ಬಿಡುತ್ತಾರೆ, ಮೀನು ಬಿಡುತ್ತಾರೆ, ಹೆಂಡತಿಯ ಕೂಡೆ ಮಾತು ಬಿಡುತ್ತಾರೆ, ಕೊನೆಗೆ ಅವನ ಕಾರ್ಯಕ್ರಮ ನೋಡುವುದನ್ನೇ ಬಿಡುತ್ತಾರೆ. ಗುರುವಿನ ಪಾತ್ರಕ್ಕೆ ಭಾವನೇ ಬೇಕು ಎಂದು ಹುಡುಗ ಕೇಳಿದನಂತೆ. ಕೇಳಿ, ಅಕ್ಕನ ವಿಷಯ ಅವನಿಗೂ ಗೊತ್ತಿದ್ದುದರಿಂದ, ತಲೆ ತಗ್ಗಿಸಿ ಕೂತನಂತೆ.

ಭಾವ ಮರುದಿನ ನನ್ನ ಅಂಗಡಿಗೆ ಬಂದರು.

"ಒಂದ್ ಜುಬ್ಬ ಹೊಲ್ದ್ ಕೊಡ್ಕಿತ್. ಉದ್ದದ್ದ್. ಕೆನಿ ಬಣ್ಣ."

ವಿಷಯ ತಿಳಿದ ಮೇಲೆ ನನಗೆ ಮೈ ಉರಿಯಿತು. "ಭಾವ, ನಿಮ್ಗ್ ಮರ್ಳಾ? ಅವ್ನ ವೇಷ ನೀವ್ ಹಾಕುದಾ?"

ಅವರು ಮೆಷಿನ್ನಿನ ಪಕ್ಕದ ಸ್ಟೂಲಿನಲ್ಲಿ ಕೂತರು. ಅಕ್ಕ ಕೂರುತ್ತಿದ್ದ ಸ್ಟೂಲು ಅದು.

"ಅವ ಈಗ್ಳೂ ಟಿವಿಯೊಳ್ಗೆ ಇದ್ದ. ಅವನ್ನ್ ಕಂಡ್ ಈಗ್ಳೂ ಜನ ಕೈ ಮುಗಿತ್ರ್. ಕೇಸ್ ಹಾಕುಕೆ ನಂಗೆ ತಾಕತ್ತಿಲ್ಲೆ, ಬೈಯ್ಯುಕೆ ಬಾಯಿ ಬತ್ತಿಲ್ಲೆ. ನಂಗೆ ಬಪ್ಪುದ್ ನಗ್ಸುದೊಂದೇ. ಒಂದ್ಸಲ ಆದ್ರೂ ಊರ್ ಅವನ್ನ್ ಕಂಡ್ ನಗಾಡ್ಲಿ ಮಾರಾಯ್ತಿ."

ನಾನು ಟೇಪು ತೆಗೆದು ಅವರ ಅಳತೆ ತೆಗೆದುಕೊಂಡೆ. ಎದೆಯ ಸುತ್ತ ಎಷ್ಟು ಇಳಿದಿದ್ದರು! ಅಮ್ಮನಿಗೆ ಹೇಳಿದಾಗ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಭಾವ ಮನೆಗೆ ಬಂದಾಗಲೂ ಊಟ ಬಡಿಸಿದಳೇ ಹೊರತು ಮಾತಾಡಲಿಲ್ಲ.

ಬೈಂದೂರಿನ ಹತ್ತಿರ ಮುಚ್ಚಿಹೋದ ಅಕ್ಕಿ ಮಿಲ್ಲೊಂದರೊಳಗೆ ಚಿತ್ರೀಕರಣ. ಜುಬ್ಬದ ತೋಳು ಬಿಚ್ಚಿಹೋಯಿತೆಂದು ಒಂದು ದಿನ ನನ್ನನ್ನು ಕರೆಸಿದರು. ಸೂಜಿದಾರ ಹಿಡಿದು ಹೋದೆ. ಅಷ್ಟರಲ್ಲಿ ತೋಳಿಗೆ ಪಿನ್ನು ಚುಚ್ಚಿಕೊಂಡು ಬೆಂಕಿಯ ಮಡಕೆಯ ದೃಶ್ಯ ಶುರುಮಾಡಿದ್ದರು. ಮಾತ್ರೆ ಹಾಕುವ ಹೆಂಗಸಿನ ಪಾತ್ರಕ್ಕೆ ಸಿದ್ದಾಪುರದ ಕಡೆಯ ಶಾಲೆಯ ಟೀಚರೊಬ್ಬರು ಬಂದಿದ್ದರು. ಅವರು ಒಂದು ಚೀಲದಿಂದ ಮಾತ್ರೆ, ಟಾನಿಕ್ಕು, ಕನ್ನಡಕ, ಕೊನೆಗೆ ಹಲ್ಲಿನ ಸೆಟ್ಟನ್ನೂ ತೆಗೆದು ಹಾಕಬೇಕು. ಗುರು ಒಂದೊಂದಕ್ಕೂ "ಇನ್ನೂ ಇತ್ತಾ?" ಎಂದು ಕೇಳಬೇಕು. ಭಾವ ಅದನ್ನು ಒಂದೊಂದು ಸಲವೂ ಬೇರೆ ರೀತಿಯಲ್ಲಿ ಕೇಳಿದರು. ಮೊದಲು ಪ್ರೀತಿಯಿಂದ, ಆಮೇಲೆ ಆಸೆಯಿಂದ, ಕೊನೆಗೆ ಸಾಲ ಕೇಳಲು ಬಂದವನ ಹಾಗೆ. ಕ್ಯಾಮೆರಾ ಹಿಡಿದವನು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ. ಹುಡುಗರು ಬಾಯಿಗೆ ಟವೆಲು ತುರುಕಿಕೊಂಡಿದ್ದರು. ಕಟ್ ಎಂದದ್ದೇ ತಡ, ಮಿಲ್ಲಿನ ತಗಡು ಹಾರುವಷ್ಟು ನಗು.

ಎಲ್ಲರೂ ಚಹಾಕ್ಕೆ ಹೋದರು. ಭಾವ ಹೋಗಲಿಲ್ಲ. ಒಂದು ಕೋಲು ಹಿಡಿದು ಮಡಕೆಯಿಂದ ಅರೆಸುಟ್ಟ ಮಾತ್ರೆ ಹಾಳೆಗಳನ್ನು ಒಂದೊಂದಾಗಿ ಹೊರಗೆ ಎಳೆದು ನೆಲದ ಮೇಲೆ ಹಾಕುತ್ತಿದ್ದರು.

"ಕೈ ಸುಟ್ಕಂತ್ರಿ ಭಾವ" ಎಂದೆ.

"ಇಲ್ಲೆ. ಪ್ಲಾಸ್ಟಿಕ್ ಸುಟ್ಟ್ ವಾಸ್ನಿ ಬತ್ತ್, ಹಾಂಗಾಯಿ ತೆಗ್ದದ್ದ್" ಎಂದರು, ನನ್ನ ಕಡೆ ನೋಡದೆ. ನಾನು ಅವರನ್ನು ಅಲ್ಲೇ ನಿಲ್ಲಿಸಿ, ಮೈಮೇಲಿದ್ದ ಹಾಗೆಯೇ ತೋಳು ಹೊಲಿದೆ.

ಸಿನಿಮಾ ಕುಂದಾಪುರದ ಟಾಕೀಸಿನಲ್ಲಿ ಬಂತು. ಒಂದು ವಾರ ಓಡಿದರೆ ಸಾಕು ಎಂದುಕೊಂಡಿದ್ದು, ಬಾಯಿಂದ ಬಾಯಿಗೆ ಸುದ್ದಿ ಹರಡಿ ಹೌಸ್‌ಫುಲ್ ಆಯಿತು. ನಾನು ಅಂಗಡಿಗೆ ಬೀಗ ಹಾಕಿ ಮ್ಯಾಟ್ನಿಗೆ ಹೋದೆ. ಮೀನು ಮಾರುವವರು, ಮಾಸ್ತರುಗಳು, ಬಸ್ಸಿನ ಕಂಡಕ್ಟರುಗಳು ಎಲ್ಲರೂ ಇದ್ದರು. ನಮ್ಮ ಮಾತನ್ನು ನಾವೇ ಪರದೆಯ ಮೇಲೆ ಕೇಳುವ ಸುಖ ಬೇರೆ. ನಾನೂ ನಕ್ಕೆ. ಭಾವ ನೀರು ಕುಡಿಯುವುದನ್ನು ಕಲಿಸುವ ದೃಶ್ಯದಲ್ಲಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಆಮೇಲೆ ಪರದೆಯ ತುಂಬ ಅವರ ಮುಖ ಬಂತು. ಗುರು ಆಶೀರ್ವಾದ ಮಾಡುತ್ತಾನೆ. ಎರಡು ಅಂಗೈಗಳು ಎದೆಯ ಹತ್ತಿರ ಬಂದವು, ಸ್ವಲ್ಪವೇ ತೆರೆದವು, ಕುತ್ತಿಗೆ ಎಡಕ್ಕೆ ವಾಲಿತು, ಕಣ್ಣು ಮುಚ್ಚಿತು.

ನನ್ನ ನಗು ನಿಂತಿತು. ಟಿವಿಯ ಗುರೂಜಿ ಹಾಗೆ ಮಾಡುತ್ತಿರಲಿಲ್ಲ. ಅವರು ಕೈಗಳನ್ನು ನೆಟ್ಟಗೆ ಮುಂದಕ್ಕೆ ಚಾಚುತ್ತಿದ್ದರು, ಕುತ್ತಿಗೆ ಸೆಟೆದೇ ಇರುತ್ತಿತ್ತು. ವಾಲುವ ಕುತ್ತಿಗೆ ಅಕ್ಕನದು. ಭಾವ ಗುರುವಿನ ಪಾಠವನ್ನು ಟಿವಿಯಲ್ಲಿ ಕೂತು ನೋಡಿದವರೇ ಅಲ್ಲ, ಅಕ್ಕ ಇದ್ದ ಕಂತುಗಳಲ್ಲೂ ಅವರ ಕಣ್ಣು ಅವಳ ಮೇಲೆಯೇ. ಅವರು ನೋಡಿದ್ದು ಬೆಳಿಗ್ಗೆ ಜಗಲಿಗೆ ಬಂದು ಪಾಠ ಒಪ್ಪಿಸುತ್ತಿದ್ದ ಅವಳನ್ನು. ಪರದೆಯ ಮೇಲೆ ಇದ್ದದ್ದೆಲ್ಲ ಅವಳೇ. ಅವಳು ಮಾತು ನಿಲ್ಲಿಸಿ ಉಸಿರೆಳೆಯುವ ರೀತಿ, ಹೇಳುವ ಮೊದಲು ಹುಬ್ಬು ಏರಿಸುವುದು. ನನ್ನ ಹಿಂದೆ ಕೂತ ಹೆಂಗಸರು, "ಅಯ್ಯಬ್ಬ, ಹ್ಯಾಂಗ್ ಮಾಡ್ತ ಕಾಣ್" ಎಂದು ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಇಡೀ ಟಾಕೀಸು ಅಕ್ಕನನ್ನು ಕಂಡು ನಗುತ್ತಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ.

ಹೇಳಬೇಕೋ ಬೇಡವೋ ಎಂದು ಕೆಲವು ದಿನ ಒದ್ದಾಡಿದೆ. ಅವರಿಗೆ ಗೊತ್ತಿದ್ದೇ ಮಾಡಿರಬಹುದು ಎಂದೂ ಅನಿಸಿತು. ಕಡೆಗೆ ಅವರು ಅಂಗಡಿಗೆ ಬಂದಾಗ ಕೇಳಿಯೇಬಿಟ್ಟೆ.

"ಭಾವ, ಆ ಕೈ ಅಕ್ಕಂದಲ್ದಾ?"

ಅವರಿಗೆ ಅರ್ಥವಾಗಲಿಲ್ಲ. ನಾನು ಮಾಡಿ ತೋರಿಸಿದೆ. ಅವರು ತಮ್ಮ ಅಂಗೈಗಳನ್ನು ಎತ್ತಿದರು, ಅರ್ಧಕ್ಕೆ ನಿಲ್ಲಿಸಿದರು, ಬೇರೆ ಯಾರದೋ ಕೈ ಎಂಬಂತೆ ಅವನ್ನು ನೋಡಿದರು.

"ದೇವ್ರಾಣಿ ನಂಗ್ ಗೊತ್ತಾಯ್ಲಿಲ್ಲೆ" ಎಂದರು. "ಅವ ಹಾಂಗ್ ಮಾಡ್ತ ಅಂದೇ ನಾನ್ ಎಣ್ಸಿದ್ದ್."

ಅಷ್ಟು ವರ್ಷಗಳಲ್ಲಿ ಭಾವ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಅಕ್ಕನ ಚಿತೆಯ ಎದುರೂ ಅವರು ಅತ್ತಿರಲಿಲ್ಲ. ರವಿಕೆ ಕೊಂಡುಹೋಗಲು ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು, "ಗುರೂಜಿ ಅಲ್ದಾ?" ಎಂದು ನಗಲು ಹೊರಟವಳು ಹಾಗೆಯೇ ಹಿಂದೆ ಹೋದಳು.

ಆಮೇಲೆ ಅವರಿಗೆ ಊರಿನಲ್ಲಿ ಮುಖ ತೋರಿಸುವುದೇ ಕಷ್ಟವಾಯಿತು. ಅವಮಾನದಿಂದಲ್ಲ, ಪ್ರೀತಿಯಿಂದ. ಮೀನು ಪೇಟೆಯಲ್ಲಿ, ಬಸ್ಸಿನಲ್ಲಿ, "ಹ್ವಾಯ್ ಗುರೂಜಿ, ಆಶೀರ್ವಾದ ಮಾಡಿ" ಎಂದು ಜನ ಕೈ ಹಿಡಿದುಕೊಳ್ಳುತ್ತಿದ್ದರು. ಒಂದು ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟದ ಮನೆಯಲ್ಲಿ, ತೀರಿಕೊಂಡವರಿಗಾಗಿ ಒಂದು ನಿಮಿಷ ಮೌನವಾಗಿರಬೇಕೆಂದು ಅವರು ಮೈಕಿನಲ್ಲಿ ಹೇಳಿದ ಕೂಡಲೇ ಪಂಕ್ತಿಯಲ್ಲಿ ಕೂತ ಹುಡುಗರು ಕಿಸಕ್ಕನೆ ನಕ್ಕರಂತೆ. ಸತ್ತವರ ಮಗ ಭಾವನನ್ನು ಪಕ್ಕಕ್ಕೆ ಕರೆದು, "ನೀವ್ ಮೈಕ್ ಮಾತ್ರ ಇಟ್ಟ್ ಹೋಯ್ನಿ, ಮಾತಾಡುದ್ ನಾವೇ ಮಾಡ್ಕಂತೊ" ಎಂದನಂತೆ. ಅಲ್ಲಿಂದ ಮುಂದೆ ಅವರು ಎಲ್ಲಿಯೂ ಮಾತಾಡಲಿಲ್ಲ. ಬಾಕ್ಸುಗಳನ್ನು ಇಳಿಸಿ, ವಯರು ಜೋಡಿಸಿ, ಓಮ್ನಿಯೊಳಗೆ ಕೂತಿರುತ್ತಿದ್ದರು.

ಅದೇ ಹೊತ್ತಿಗೆ ಅಕ್ಕ ಹೋಗಿದ್ದ ಚಾನೆಲ್ಲಿನಿಂದಲೇ ಫೋನು ಬಂತು. ಹಾಸ್ಯ ಮಾಡುವವರ ಪಂದ್ಯವೊಂದಿದೆ, ಬನ್ನಿ ಎಂದು. ಭಾವ ಒಪ್ಪಿದ್ದು ಕೇಳಿ ನಾನು ದಂಗಾದೆ. ಬೆಂಗಳೂರಿಗೆ ಹೋಗಿ ಮೂರನೆಯ ದಿನಕ್ಕೆ ತಿರುಗಿ ಬಂದರು. ಪಂದ್ಯಕ್ಕೆ ಅವರು ಹೆಸರೇ ಕೊಟ್ಟಿರಲಿಲ್ಲ. ಅಕ್ಕ ಇದ್ದ ಆ ಹಳೆಯ ಕಂತುಗಳನ್ನು ಕೇಳಲು ಹೋಗಿದ್ದರು. ಅಲ್ಲಿ ಒಬ್ಬ ಹುಡುಗ ಪಾಪ ಹುಡುಕಿಯೂ ನೋಡಿದನಂತೆ. "ಅಷ್ಟು ಹಳೇದನ್ನ ಇಟ್ಟುಕೊಳ್ಳಲ್ಲ ಸರ್. ಅದರ ಮೇಲೆ ಬೇರೆ ಏನಾದರೂ ರೆಕಾರ್ಡ್ ಆಗಿರುತ್ತೆ" ಎಂದನಂತೆ.

ಅವರ ಮದುವೆಯ ಕ್ಯಾಸೆಟ್ಟು ಮಳೆಗಾಲದಲ್ಲಿ ಬೂಷ್ಟು ಹಿಡಿದು ಎಂದೋ ಹಾಳಾಗಿತ್ತು. ಉಳಿದದ್ದು ಒಂದು ಆಲ್ಬಮ್ಮು. ಅದರಲ್ಲಿ ಅಕ್ಕ ಎಲ್ಲ ಫೋಟೋಗಳಲ್ಲೂ ತಲೆ ತಗ್ಗಿಸಿದ್ದಾಳೆ.

ಅಮಾಸೆಬೈಲಿನ ಕಡೆಯ ಮುದುಕಿಯೊಬ್ಬಳು ಭಾವನ ಅಂಗಡಿ ಹುಡುಕಿಕೊಂಡು ಬಂದದ್ದು ಅದರ ಮರುವರ್ಷ. ಸಿನಿಮಾ ಆಗ ಕೇಬಲ್ಲಿನಲ್ಲಿ ಬಂದಿತ್ತು. ಮುದುಕಿ ನೋಡಿದ್ದು ಶುರುವಿನ ಸ್ವಲ್ಪ ಮಾತ್ರ, ಆಮೇಲೆ ಅವರ ಊರಲ್ಲಿ ಕರೆಂಟು ಹೋಗಿತ್ತು. ಸಕ್ಕರೆ ಕಾಯಿಲೆ ಗುಣ ಮಾಡುವ ಗುರು ಬ್ರಹ್ಮಾವರದಲ್ಲೇ ಇದ್ದಾರೆಂದು ಯಾರೋ ತಮಾಷೆಗೆ ಹೇಳಿದ್ದನ್ನು ನಂಬಿ, ಎರಡು ಬಸ್ಸು ಬದಲಿಸಿ, ಚೀಲದಲ್ಲಿ ಸೌತೆಕಾಯಿ ಹಾಕಿಕೊಂಡು ಬಂದಿದ್ದಳು. ನಾನು ಅವತ್ತು ಭಾವನಿಗೆ ಅಂಗಿ ಕೊಡಲು ಅಲ್ಲಿಗೆ ಹೋಗಿದ್ದೆ. ಅವಳು ಬಂದವಳೇ ಸ್ಪೀಕರ್ ಬಾಕ್ಸುಗಳ ನಡುವೆ ಬಗ್ಗಿ ಅವರ ಕಾಲು ಮುಟ್ಟಿದಳು.

ಭಾವ ಹಾರಿ ಹಿಂದೆ ಸರಿದರು. "ನಾನ್ ಗುರು ಅಲ್ಲ ಅಬ್ಬೆ. ನಾಟ್ಕದವ. ಅದ್ ಬರೀ ವೇಷ."

"ದೊಡ್ಡೋರೆಲ್ಲ ಹಾಂಗೇ ಹೇಳುದ್" ಎಂದಳು ಮುದುಕಿ. "ಡಾಕ್ಟ್ರ್ ಕೊಟ್ಟ್ ಮಾತ್ರಿ ಬಿಟ್ಟೇ ಬಂದಿದೆ. ನೀವ್ ಹೇಳ್ದಾಂಗ್ ಕೇಣ್ತೆ."

ಭಾವ ನನ್ನ ಮುಖ ನೋಡಿದರು. ಅವಳಿಗೆ ಬಿಡಿಸಿ ಬಿಡಿಸಿ ಹೇಳಿದರು, ನಾನೂ ಹೇಳಿದೆ. ಅವಳು ಕೇಳುವ ಹಾಗೆ ತಲೆಯಾಡಿಸಿ ಮತ್ತೆ ಕೈ ಮುಗಿಯುವಳು. ಕೊನೆಗೆ ಭಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮತ್ತೆ ಅವರ ಬಾಯಿಂದ ಬಂದದ್ದು ಸಿನಿಮಾದ ಸ್ವರ.

"ಹಾಂಗಾರೆ ಕೇಣ್ ತಾಯಿ. ಗುರುವಿನ ಅಪ್ಪಣಿ. ಮಾತ್ರಿ ಬಿಡುಕಾಗ. ಬೆಳಿಗ್ಗೆ ಒಂದ್, ರಾತ್ರಿ ಒಂದ್, ಡಾಕ್ಟ್ರ್ ಹೇಳ್ದಾಂಗೆ. ಬಿಟ್ಟ್ರೆ ನನ್ ಶಾಪ ಇತ್ತ್. ಕಾಲಿಗ್ ಚಪ್ಪಲಿ ಹಾಕದ್ದೆ ನಡುಕಾಗ."

ಮುದುಕಿ ಗಲ್ಲ ಬಡಿದುಕೊಂಡು, "ಆಯ್ತ್ ಗುರುಗಳೇ" ಎಂದಳು. ಭಾವ ಅವಳನ್ನು ಓಮ್ನಿಯಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದು, ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಕೊಡಿಸಿ, ಬಸ್ಸು ಹತ್ತಿಸಿ ಬಂದರು. ದಾರಿಯಲ್ಲಿ ಒಂದು ಜೊತೆ ಚಪ್ಪಲಿಯನ್ನೂ ಕೊಡಿಸಿದ್ದರು.

ತಿರುಗಿ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು.

"ಒಳ್ಳೇದೇ ಹೇಳ್ದ್ರಿಯಲ್ಲ ಭಾವ" ಎಂದೆ.

"ಒಳ್ಳೇದೇ ಹೇಳ್ದೆ. ಆದ್ರೆ ನಾ ಎಂತ ಹೇಳಿದ್ರೂ ಅವ್ಳ್ ಕೇಣ್ತಿದ್ಳ್. ವಿಷ ಕುಡಿ ಅಂದ್ರೂ ಕೇಣ್ತಿದ್ಳ್." ಓಮ್ನಿಯ ಕೀಲಿಯನ್ನು ಮೊಳೆಗೆ ಸಿಕ್ಕಿಸಿ, "ನಿನ್ನ್ ಅಕ್ಕನೂ ಹೀಂಗೇ ನಂಬಿದ್ಳ್ ಅಲ್ದಾ?" ಎಂದರು.

ಮುದುಕಿ ಸುಮ್ಮನಿರಲಿಲ್ಲ. ಗುರುಗಳು ಎಂಥ ಪ್ರೀತಿಯವರೆಂದು ಊರೆಲ್ಲ ಹೇಳಿದಳು. ಮೊಣಕಾಲು ನೋವಿನವರು ಬಂದರು, ಮಗಳಿಗೆ ಗಂಡು ಸಿಗದವರು ಬಂದರು. ಭಾವ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂರತೊಡಗಿದರು. ಒಂದು ದಿನ ಬಂದು, ಮುಂಬೈಯಲ್ಲಿ ದಾಯಾದಿಯೊಬ್ಬರ ಹೋಟೆಲ್ಲಿದೆ, ಕ್ಯಾಶಿನಲ್ಲಿ ಕೂರಲು ಜನ ಬೇಕಂತೆ, ಹೊರಡುತ್ತೇನೆ ಎಂದರು. ಮೈಕ್ ಸೆಟ್ಟನ್ನು ಆ ಬೈಂದೂರಿನ ಹುಡುಗನಿಗೇ ಕೊಟ್ಟರು. ಹೋಗುವ ಮುನ್ನ ಕೋಡಿಗೆ ಬಂದಾಗ ಅಮ್ಮ ಅವರಿಗೆ ಕೊಟ್ಟೆ ಕಡುಬು ಮಾಡಿ ಬಡಿಸಿದಳು. ಅಷ್ಟು ವರ್ಷಗಳ ಮೇಲೆ ಮೊದಲ ಸಲ ಮಾತಾಡಿಸಿದಳು. "ಅಲ್ಲಿ ನೀರ್ ಕಾಯ್ಸಿ ಕುಡಿ ಮಗ" ಎಂದಳು. ಭಾವ ಆಯಿತು ಎಂದರು.

ಅಮ್ಮ ಈಗ ಇಲ್ಲ. ಭಾವ ಅಲ್ಲಿಯೇ ಇದ್ದಾರೆ. ಅಕ್ಕನ ತಿಥಿಯ ದಿನ ಪ್ರತಿ ವರ್ಷ ನಾನೇ ಫೋನು ಮಾಡುತ್ತೇನೆ. ಕಳೆದ ಸಲ ಮಾಡಿದಾಗ ಹಿಂದಿನಿಂದ ಪಾತ್ರೆಗಳ ಸದ್ದು, ಹಿಂದಿಯಲ್ಲಿ ಯಾರೋ ಕೂಗುವುದು ಕೇಳುತ್ತಿತ್ತು. ಹೋಟೆಲ್ಲಿನ ಕೆಲಸದವರ ಜೊತೆ ಕೂತು ಊಟ ಮಾಡುವುದೇ ತಾನು ಅವಳಿಗೆ ಮಾಡುವ ತಿಥಿ ಎಂದರು. ಮೊಣಕಾಲು ಸ್ವಲ್ಪ ಹಿಡಿದುಕೊಂಡಿದೆಯಂತೆ.

"ಊರಿಗ್ ಯಾವಾಗ ಬತ್ರಿ ಭಾವ?" 

"ಕಾಂಬ" ಎಂದರು. ಆಮೇಲೆ, "ಊಟದ ಜನ ಬಂದ್ರ್ ಹೆಣ್ಣೇ, ಇಡ್ತೆ" ಎಂದು ಫೋನು ಇಟ್ಟರು.